ಸೂಜಿಗೆ ಹೆದರಬೇಡಿ, ಹೆಸರಿಲ್ಲದ ಪೊಟ್ಟಣಕ್ಕೆ ಹೆದರಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ಪೇಟೆಗಳಲ್ಲಿ ಈಚೆಗೆ ‘ಅಕ್ಯುಪಂಕ್ಚರ್’, ‘ಚೀನೀ ಸಾಂಪ್ರದಾಯಿಕ ಚಿಕಿತ್ಸೆ’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತಿವೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಅದರ ಬಗ್ಗೆ ಕೇಳಿಬರುವ ಮಾತು ಎರಡೇ ಬಗೆಯದು. ಎಲ್ಲವೂ ಮೋಸ ಎನ್ನುವವರು ಒಂದು ಕಡೆ, ಸಕ್ಕರೆ ಕಾಯಿಲೆಯಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲವೂ ಅದರಿಂದ ವಾಸಿ ಎನ್ನುವವರು ಇನ್ನೊಂದು ಕಡೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿ, ಈಗ ಸುಂಟಿಕೊಪ್ಪದ ಹತ್ತಿರ ಸ್ವಲ್ಪ ಕಾಫಿ ತೋಟ ನೋಡಿಕೊಂಡಿರುವ ನನಗೆ ಈ ಎರಡೂ ಮಾತು ಒಪ್ಪಿಗೆಯಿಲ್ಲ. ನನ್ನ ಮಂಡಿ ನೋವಿಗೆ ನಾನೇ ಈ ಚಿಕಿತ್ಸೆ ಪಡೆದಿದ್ದೇನೆ. ನೆರೆಯ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಹೆಂಗಸರನ್ನು ಜೊತೆಯಲ್ಲಿ ಕರೆದುಕೊಂಡೂ ಹೋಗಿದ್ದೇನೆ. ಈ ಹೆಸರಿನಡಿ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿರುವುದು ಎರಡು ಬೇರೆ ಬೇರೆ ಕೆಲಸ: ಒಂದು ಸೂಜಿ ಹಾಕುವುದು, ಅಂದರೆ ಅಕ್ಯುಪಂಕ್ಚರ್; ಇನ್ನೊಂದು ಗುಳಿಗೆಯ ಪೊಟ್ಟಣ ಕೊಡುವುದು. ಮೊದಲನೆಯದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲೇ ಜಾಗ ಸಿಗಬೇಕು. ಎರಡನೆಯದನ್ನು ಆರೋಗ್ಯ ಇಲಾಖೆ ಕೂಡಲೇ ತಪಾಸಣೆ ಮಾಡಬೇಕು. ಇದನ್ನು ಹೇಳಲೆಂದೇ ಈ ಪತ್ರ.

ಮೊದಲಿಗೆ ನೋವಿನ ವಿಷಯ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುವವರ ಮೈ ಹೇಗಾಗುತ್ತದೆ ಎಂಬುದು ಹಾಜರಿ ಬರೆಯುವ ಮಸ್ಟರ್ ಪುಸ್ತಕದಲ್ಲಿ ಕಾಣುವುದಿಲ್ಲ. ರೋಬಸ್ಟಾ ಕಾಫಿ ಗಿಡದ ರೆಕ್ಕೆಗಳನ್ನು (ಕೊಂಬೆಗಳನ್ನು) ಬಗ್ಗಿಸಿ ಹಿಡಿಯುವ ಎಡಗೈಯ ಭುಜ ಸೋಲುತ್ತದೆ. ಇಳಿಜಾರಿನಲ್ಲಿ ಚೀಲ ಹೊತ್ತು ಇಳಿಯುವವರ ಮಂಡಿ ನಲವತ್ತು ತುಂಬುವ ಮೊದಲೇ ಕಟಕಟ ಎನ್ನುತ್ತದೆ. ಮೆಣಸು ಕೊಯ್ಯಲು ಒಂಟಿ ಬಿದಿರಿನ ಏಣಿಯ ಮೇಲೆ ಹೆಬ್ಬೆರಳೂರಿ ದಿನವಿಡೀ ನಿಲ್ಲುವ ಗಂಡಸರು ಸಂಜೆ ಕೆಳಗಿಳಿದಾಗ ಸೊಂಟ ನೇರ ಮಾಡಲಾರರು. ಮರಗಸಿ ಮಾಡುವವರ, ಅಂದರೆ ನೆರಳಿನ ಮರಗಳ ಕೊಂಬೆ ಸವರುವವರ, ಕತ್ತು, ಕಳೆ ತೆಗೆಯುವ ಹೆಂಗಸರ ಬೆನ್ನು ಹೀಗೆಯೇ. ಕೊಯ್ಲು ಮುಗಿದರೂ ಬಿಡುವಿಲ್ಲ. ಗಿಡ ಸವರುವುದು, ಚಿಗುರು ತೆಗೆಯುವುದು, ಗೊಬ್ಬರ ಹೊರುವುದು ಸರದಿಯಲ್ಲಿ ಬರುತ್ತವೆ.

ಇವರು ನೋವಿಗೆ ಏನು ಮಾಡುತ್ತಾರೆ? ಸಂತೆಯ ದಿನ ಔಷಧಿ ಅಂಗಡಿಗೆ ಹೋಗಿ ಡೈಕ್ಲೋಫೆನಾಕ್ ಮಾತ್ರೆಯ ಪಟ್ಟಿ ಕೇಳುತ್ತಾರೆ. ಚೀಟಿ ಬೇಕಿಲ್ಲ, ಪ್ರಶ್ನೆಯಿಲ್ಲ. ಬರಿಹೊಟ್ಟೆಯಲ್ಲಿ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಡಾಂಬರಿನ ಬಣ್ಣದ ಮಲ ಹೋಗಿ, ಹೊಟ್ಟೆಯೊಳಗೆ ರಕ್ತ ಸೋರಿ, ಬಿಳಿಚಿಕೊಂಡು ಆಸ್ಪತ್ರೆಗೆ ಬಂದವರಿಗೆ ರಕ್ತದ ಬಾಟಲಿ ಏರಿಸಿದ ಕೈ ನನ್ನದು. ವರ್ಷಗಟ್ಟಲೆ ಇದೇ ಮಾತ್ರೆ ತಿಂದು ಮೂತ್ರಪಿಂಡ ಕೆಡಿಸಿಕೊಂಡವರನ್ನೂ ನೋಡಿದ್ದೇನೆ. ಮೂಳೆ ತಜ್ಞರನ್ನು ಕಾಣಬೇಕೆಂದರೆ ಮಡಿಕೇರಿಗೋ ಮೈಸೂರಿಗೋ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ತಜ್ಞರು ಕೊನೆಗೆ ಹೇಳುವುದೂ ಭಾರ ಎತ್ತಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದೇ. ಕೂಲಿಯವರಿಗೆ ಆ ಸಲಹೆಯನ್ನು ಪಾಲಿಸುವ ಸ್ವಾತಂತ್ರ್ಯ ಎಲ್ಲಿದೆ? ಮಾತ್ರೆಯನ್ನು ಕಡಿಮೆ ಮಾಡಿಸುವ ಯಾವ ಸುರಕ್ಷಿತ ದಾರಿ ಸಿಕ್ಕರೂ ಈ ಜಿಲ್ಲೆ ಅದನ್ನು ಗಂಭೀರವಾಗಿ ನೋಡಬೇಕು ಎಂದು ನಾನು ಹೇಳುವುದು ಇದರಿಂದಲೇ.

ನಾನು ಹೋಗುವ ಚಿಕಿತ್ಸಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಇದು ಜಾಹೀರಾತಾಗಬಾರದು. ಅಲ್ಲಿರುವವರು ಬಿಎನ್‌ವೈಎಸ್ ಓದಿದ ಯುವ ವೈದ್ಯೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಐದೂವರೆ ವರ್ಷದ ಪದವಿ ಅದು. ಅಕ್ಯುಪಂಕ್ಚರ್ ಅದರ ಪಠ್ಯದಲ್ಲೇ ಇದೆ. ಉಜಿರೆಯಲ್ಲಿ ಈ ಪದವಿಯ ಕಾಲೇಜು ಶುರುವಾದದ್ದು 1989ರಲ್ಲಿ. ಅಂದರೆ ನಮ್ಮ ನೆರೆಯ ಜಿಲ್ಲೆಯಲ್ಲೇ ಇದನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ಮೂರು ದಶಕ ದಾಟಿದೆ. ‘ಚೀನೀ’ ಎಂದ ಮಾತ್ರಕ್ಕೆ ಎಲ್ಲಿಂದಲೋ ರಾತ್ರೋರಾತ್ರಿ ಇಳಿದುಬಂದದ್ದು ಎಂದು ಯಾರೂ ತಿಳಿಯಬೇಕಿಲ್ಲ.

ಆ ವೈದ್ಯೆ ಮೊದಲ ಭೇಟಿಯಲ್ಲಿ ಸೂಜಿ ಮುಟ್ಟಲೇ ಇಲ್ಲ. ನಿದ್ರೆ, ಬಾಯಾರಿಕೆ, ಮಲಮೂತ್ರ, ಮುಟ್ಟು ನಿಂತ ವಯಸ್ಸು, ಯಾವ ಹೊತ್ತಿನಲ್ಲಿ ನೋವು ಹೆಚ್ಚು, ಚಳಿಗೆ ಹೆಚ್ಚುತ್ತದೆಯೋ ಬಿಸಿಗೋ, ಎಲ್ಲವನ್ನೂ ಕೇಳಿ ಬರೆದುಕೊಂಡರು. ನಾಲಗೆ ನೋಡಿದರು. ಎರಡೂ ಮಣಿಕಟ್ಟುಗಳಲ್ಲಿ ಮೂರು ಬೆರಳಿಟ್ಟು ನಾಡಿ ಹಿಡಿದರು. ಆಮೇಲೆ ನಾನು ಒಯ್ದಿದ್ದ ಕ್ಷಕಿರಣ ಚಿತ್ರ, ಸಕ್ಕರೆ ಮತ್ತು ರಕ್ತದೊತ್ತಡದ ವರದಿ ನೋಡಿದರು. ನಾನು ನುಂಗುವ ಪ್ರತಿ ಮಾತ್ರೆಯ ಹೆಸರು ಕೇಳಿದರು. ರಕ್ತ ತೆಳುವಾಗಿಸುವ ಔಷಧಿ ಇದೆಯೇ, ಪೇಸ್‌ಮೇಕರ್ ಇದೆಯೇ ಎಂಬ ಪ್ರಶ್ನೆ ಬಂದಾಗ ನನ್ನೊಳಗಿನ ಶುಶ್ರೂಷಕಿಗೆ ನೆಮ್ಮದಿಯಾಯಿತು. ಕೇಳಬೇಕಾದದ್ದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ.

ಸೂಜಿಯ ಬಗ್ಗೆ ಜನರಿಗೆ ಇರುವ ಭಯವನ್ನು ನಾನು ಬಲ್ಲೆ. ನಾವು ಆಸ್ಪತ್ರೆಯಲ್ಲಿ ಚುಚ್ಚುಮದ್ದಿಗೆ ಬಳಸುವ 23 ಗೇಜಿನ ಸೂಜಿಯ ದಪ್ಪ ಸುಮಾರು 0.6 ಮಿ.ಮೀ. ಅಕ್ಯುಪಂಕ್ಚರ್‌ನಲ್ಲಿ ಸಾಮಾನ್ಯವಾಗಿ ಬಳಸುವುದು 0.25 ಮಿ.ಮೀ. ಆಸುಪಾಸಿನದು. ಅದರೊಳಗೆ ರಂಧ್ರವಿಲ್ಲ, ಮದ್ದೂ ಇಲ್ಲ. ಪ್ಲಾಸ್ಟಿಕ್ಕಿನ ಸಣ್ಣ ನಳಿಕೆಯೊಳಗಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಚರ್ಮ ದಾಟುತ್ತದೆ. ಆ ಕ್ಷಣ ಇರುವೆ ಕಚ್ಚಿದಷ್ಟು ನೋವು. ನಂತರ ಸೂಜಿಯನ್ನು ತುಸು ತಿರುಗಿಸಿದಾಗ ಒಳಗೆ ಭಾರವಾದ, ಜುಮ್ಮೆನ್ನುವ ಒಂದು ನೋವು ಎದ್ದು ಕಾಲಿನುದ್ದಕ್ಕೂ ಹರಿಯುತ್ತದೆ. ಚೀನೀ ವೈದ್ಯರು ಇದನ್ನು ‘ದ ಚಿ’ ಎನ್ನುತ್ತಾರೆ, ಸೂಜಿ ಸರಿಯಾದ ಜಾಗಕ್ಕೆ ಬಿದ್ದಿದೆ ಎಂಬುದರ ಗುರುತು ಅದು ಎಂದು ನಂಬುತ್ತಾರೆ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಬಿಟ್ಟು, ಕೆಳಗಾಲಿನ ಮುಂದಿನ ಎಲುಬಿನ ಹೊರಬದಿಗೆ ಒಂದು ಬೆರಳಿನಷ್ಟು ದೂರದಲ್ಲಿ ‘ಝು ಸಾನ್ ಲಿ’ ಎಂಬ, ಸೂಜಿ ಹಾಕುವ ಬಿಂದುವಿದೆ. ನನಗೆ ಪ್ರತಿ ಬಾರಿ ಅಲ್ಲಿ ಒಂದು ಸೂಜಿ ಇದ್ದೇ ಇರುತ್ತಿತ್ತು. ಬೆನ್ನು ನೋವಿನವರಿಗೆ ಮಂಡಿಯ ಹಿಂಭಾಗದ ಮಡಿಕೆಯ ನಡುವೆ ಹಾಕುತ್ತಾರೆ. ಇಂಥ 361 ಬಿಂದುಗಳ ಜಾಗವನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಗುರುತಿಸಿದೆ.

ಸೂಜಿಗಳು ಇಪ್ಪತ್ತರಿಂದ ಮೂವತ್ತು ನಿಮಿಷ ಮೈಯಲ್ಲಿರುತ್ತವೆ. ಮೇಲೆ ಕೆಂಪು ದೀಪದ ಬಿಸಿ. ಕೆಲವರಿಗೆ ಮಾಚಿಪತ್ರೆಯ ಜಾತಿಯ ಗಿಡದ ಒಣಗಿದ ಎಲೆಯನ್ನು ಬತ್ತಿ ಮಾಡಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿಯುತ್ತಾರೆ. ಕೋಣೆಯೆಲ್ಲ ಅದರ ಘಾಟು. ಮುಗಿದ ಮೇಲೆ ಹಾಕಿದಷ್ಟೂ ಸೂಜಿ ಹೊರಬಂದವೇ ಎಂದು ಎಣಿಸಿ, ಬಿಳಿಯ ಗಟ್ಟಿ ಡಬ್ಬಿಗೆ ಹಾಕುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಹೋಗಬೇಕಾದದ್ದು ಇಂಥ ಚುಚ್ಚಿದರೂ ತೂತಾಗದ ಡಬ್ಬಿಗೇ. ನನ್ನ ಕಣ್ಣು ಮೊದಲು ಹೋದದ್ದು ಆ ಡಬ್ಬಿಯ ಕಡೆಗೆ ಎಂದರೆ ಆಶ್ಚರ್ಯವೇನಲ್ಲ. ಗಾಜಿನ ಸಿರಿಂಜು, ಉಕ್ಕಿನ ಸೂಜಿಗಳನ್ನು ಪಾತ್ರೆಯಲ್ಲಿ ಕುದಿಸಿ ಕುದಿಸಿ ಬಳಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು ನಾನು. ಹೆಪಟೈಟಿಸ್ ಬಿ ವೈರಾಣು ಮೈಯ ಹೊರಗೆ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವ ಹಿಡಿದಿರುತ್ತದೆ. ಹಿಂದೆ ಬೇರೆ ದೇಶಗಳಲ್ಲಿ ಸೂಜಿಗಳನ್ನು ಸರಿಯಾಗಿ ಶುದ್ಧಮಾಡದೆ ಮರಳಿ ಬಳಸಿದ ಅಕ್ಯುಪಂಕ್ಚರ್ ಚಿಕಿತ್ಸಾಲಯಗಳಿಂದ ಈ ರೋಗ ಗುಂಪುಗುಂಪಾಗಿ ಹರಡಿದ್ದು ದಾಖಲಾಗಿದೆ. ಒಮ್ಮೆ ಬಳಸಿ ಎಸೆಯುವ ಸೂಜಿ, ನಿಮ್ಮ ಕಣ್ಣೆದುರೇ ಹರಿದ ಲಕೋಟೆ: ಇವೆರಡೂ ಇಲ್ಲದ ಕಡೆ ಮಲಗಬೇಡಿ. ಇಷ್ಟನ್ನು ಕೇಳುವುದು ರೋಗಿಯ ಹಕ್ಕು. ಕೇಳಿದ್ದಕ್ಕೆ ಸಿಟ್ಟಾಗುವ ವೈದ್ಯರ ಬಳಿ ಹೋಗುವ ಅಗತ್ಯವೂ ಇಲ್ಲ.

ಫಲ ಸಿಕ್ಕಿತೇ? ನನಗೆ ಸಿಕ್ಕಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿತು, ರಾತ್ರಿ ಮಗ್ಗುಲು ಬದಲಿಸಿದಾಗ ಎಚ್ಚರವಾಗುವುದು ಕಡಿಮೆಯಾಯಿತು, ನೋವಿನ ಮಾತ್ರೆ ಅಪರೂಪವಾಯಿತು. ಆದರೆ ಸವೆದ ಮಂಡಿ ಮರಳಿ ಬೆಳೆದಿಲ್ಲ, ಬೆಳೆಯುವುದೂ ಇಲ್ಲ. ವೈದ್ಯೆಯೂ ಇದನ್ನೇ ಮೊದಲು ಹೇಳಿದ್ದರು: ‘ಸಿಸ್ಟರ್, ನಾನು ನೋವಿಗೆ ಸೂಜಿ ಹಾಕುತ್ತೇನೆ, ಸವೆತಕ್ಕೆ ಅಲ್ಲ. ತೊಡೆಯ ವ್ಯಾಯಾಮ ನೀವೇ ಮಾಡಬೇಕು. ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ನಾನೇ ನಿಲ್ಲಿಸುತ್ತೇನೆ.’ ಒಂದು ಸಲಕ್ಕೆ ತೆಗೆದುಕೊಳ್ಳುವ ಹಣ ತೋಟದ ಒಂದು ದಿನದ ಕೂಲಿಗೆ ಹತ್ತಿರ. ಅದನ್ನು ಬಲ್ಲ ವೈದ್ಯೆ, ಪ್ರಯೋಜನವಿಲ್ಲದಿದ್ದರೆ ಬರಬೇಡಿ ಎಂದು ಹೇಳುವುದನ್ನು ನಾನು ದೊಡ್ಡ ಗುಣವೆಂದು ಎಣಿಸುತ್ತೇನೆ.

ಅಧ್ಯಯನಗಳು ಏನು ಹೇಳುತ್ತವೆ ಎಂದು ಕೇಳುವ ಓದುಗರಿದ್ದಾರೆ, ಕೇಳಲೇಬೇಕು. ಜರ್ಮನಿಯಲ್ಲಿ ಹಳೆಯ ಬೆನ್ನು ನೋವಿನ 1162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಬಹಳ ಪ್ರಸಿದ್ಧ. ಆರು ತಿಂಗಳ ನಂತರ ನೋಡಿದಾಗ, ಸಂಪ್ರದಾಯದ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ ಸುಮ್ಮನೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಔಷಧಿ, ವ್ಯಾಯಾಮ, ಫಿಸಿಯೋಥೆರಪಿಯ ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಇದರಿಂದ ಎರಡು ವಿಷಯ ತಿಳಿಯುತ್ತದೆ. ಸೂಜಿ ಚಿಕಿತ್ಸೆ ಪಡೆದವರು ಎಂದಿನ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು. ಸೂಜಿ ಎಲ್ಲಿ ಬಿತ್ತು ಎಂಬುದು ಮಾತ್ರ ಸಂಪ್ರದಾಯ ಹೇಳುವಷ್ಟು ಮುಖ್ಯವಾಗಿರಲಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ‘ನೈಸ್’ ಅರೆತಲೆನೋವು ಬಾರದಂತೆ ತಡೆಯಲು ಬೇರೆ ಔಷಧಿ ಒಗ್ಗದವರಿಗೆ ಹತ್ತು ಸಲದವರೆಗೆ ಅಕ್ಯುಪಂಕ್ಚರ್ ಯೋಚಿಸಬಹುದು ಎನ್ನುತ್ತದೆ. ಮಂಡಿ ಸವೆತಕ್ಕೆ ಬೇಡ ಎಂದು 2022ರಲ್ಲಿ ಹೇಳಿದೆ. ಜರ್ಮನಿಯ ಸಾರ್ವಜನಿಕ ವಿಮೆಯಾದರೋ ಅದೇ ಮಂಡಿ ನೋವಿಗೂ ಬೆನ್ನು ನೋವಿಗೂ 2007ರಿಂದ ಹಣ ಕೊಡುತ್ತಿದೆ. ತಜ್ಞರಲ್ಲೇ ಒಮ್ಮತವಿಲ್ಲ. ನನ್ನ ಮಂಡಿಯೊಂದನ್ನು ಸಾಕ್ಷಿಯಾಗಿ ನಿಲ್ಲಿಸಿ ಈ ವಾದ ಗೆಲ್ಲಲು ನಾನು ಹೊರಟಿಲ್ಲ. ನೋವಿಗೆ, ಅದರಲ್ಲೂ ಬಹುಕಾಲದ ನೋವಿಗೆ, ಶುದ್ಧವಾದ ಸೂಜಿ ಕಲಿತ ಕೈಯಲ್ಲಿ ಅಪಾಯ ಕಡಿಮೆಯ ಚಿಕಿತ್ಸೆ, ವರ್ಷಗಟ್ಟಲೆ ಡೈಕ್ಲೋಫೆನಾಕ್ ನುಂಗುವುದಕ್ಕಿಂತ ಖಂಡಿತ ಮೇಲು ಎಂಬುದು ನನ್ನ ನಿಲುವು. ಸಕ್ಕರೆ ಕಾಯಿಲೆಯ ಇನ್ಸುಲಿನ್ ನಿಲ್ಲಿಸಿ ಸೂಜಿ ಹಾಕಿಸಿಕೊಳ್ಳಿ ಎನ್ನುವವರು ಈ ವಿದ್ಯೆಗೇ ದ್ರೋಹ ಮಾಡುತ್ತಿದ್ದಾರೆ.

ಕಲಿತ ಕೈ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎದೆಯ ಮೇಲೆ, ಹೆಗಲಿನ ತುದಿಯಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶದ ಪೊರೆ ತೂತಾಗಿ ಗಾಳಿ ತುಂಬುತ್ತದೆ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಇನ್ನು ನೋವೆಂದರೆಲ್ಲ ಒಂದೇ ನೋವಲ್ಲ. ಬೆನ್ನು ನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಮೂತ್ರ ಕಟ್ಟಿ, ತೊಡೆಸಂದು ಮರಗಟ್ಟಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಎಡಭುಜದ ನೋವು ಹೃದಯದ್ದಾಗಿರಬಹುದು. ನಮ್ಮ ಮಳೆಗಾಲದಲ್ಲಂತೂ ಗದ್ದೆ, ತೋಟದ ಕೆಸರಿನಲ್ಲಿ ದುಡಿದವರಿಗೆ ಜ್ವರದ ಜೊತೆ ಮೀನಖಂಡ ಹಿಂಡಿದಂತೆ ನೋವು ಬಂದರೆ ಮೊದಲು ನೆನಪಾಗಬೇಕಾದದ್ದು ಇಲಿ ಜ್ವರ. ಸೂಜಿ ಹಾಕುವವರಿಗೆ ಇದೆಲ್ಲ ಗೊತ್ತಿರಬೇಕು. ಒಂದು ವಾರದ ತರಬೇತಿ ಪಡೆದು ಗೋಡೆಗೆ ಪ್ರಮಾಣಪತ್ರ ತೂಗುಹಾಕಿದವರಿಗೆ ಇದು ಗೊತ್ತಾಗುವುದು ಹೇಗೆ?

ಇನ್ನು ಪೊಟ್ಟಣದ ವಿಷಯ. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಇದೇ.

ನಮ್ಮ ಪಕ್ಕದ ತೋಟದ ಲೈನ್ ಮನೆಯ ಹೆಂಗಸೊಬ್ಬಳಿಗೆ ಬಹುದಿನದ ಕೈಗಂಟು ನೋವು. ಪೇಟೆಯ ಒಂದು ಸಭಾಂಗಣದಲ್ಲಿ ಎರಡು ದಿನದ ‘ಚೀನೀ ಚಿಕಿತ್ಸಾ ಶಿಬಿರ’ ಎಂದು ಕೇಳಿ ಹೋದಳು. ಅಲ್ಲಿ ಸೂಜಿ ಹಾಕಿ, ಜೊತೆಗೆ ಕಪ್ಪು ಗುಳಿಗೆಗಳ ಪೊಟ್ಟಣ ಕೊಟ್ಟರು. ಅದರ ಮೇಲೆ ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಏನು ಸೇರಿದೆ ಎಂಬ ಪಟ್ಟಿಯಿಲ್ಲ. ಬರೀ ಚೀನೀ ಅಕ್ಷರದ ಒಂದು ಮುದ್ರೆ. ನಾಲ್ಕು ದಿನದಲ್ಲಿ ನೋವು ಮಾಯ. ‘ಸಿಸ್ಟರಮ್ಮ, ಹದಿನೆಂಟು ವರ್ಷದವಳ ಹಾಗೆ ಆಗಿಬಿಟ್ಟೆ’ ಎಂದು ಅವಳು ನಗುತ್ತ ಬಂದಾಗ ನನ್ನ ಎದೆ ಧಸಕ್ಕೆಂದಿತು. ನಾಲ್ಕು ದಿನದಲ್ಲಿ ಗಂಟು ನೋವನ್ನು ಒರೆಸಿಹಾಕುವ ಸೊಪ್ಪುಸದೆಯನ್ನು ನಾನಂತೂ ಕಂಡಿಲ್ಲ; ಹಾಗೆ ಒರೆಸಿಹಾಕುವ ಸ್ಟೀರಾಯ್ಡ್ ಗೊತ್ತು. ಎರಡು ತಿಂಗಳಲ್ಲಿ ಅವಳ ಮುಖ ಚಂದ್ರನಂತೆ ಗುಂಡಗಾಯಿತು, ಕಾಲು ಊದಿತು, ಎಂದೂ ಇಲ್ಲದ ಸಕ್ಕರೆ ರಕ್ತದಲ್ಲಿ ಏರಿತು. ಶಿಬಿರದವರ ಮೊಬೈಲ್ ಸ್ತಬ್ಧ. ಅಷ್ಟರಲ್ಲಿ ಪೊಟ್ಟಣವೂ ಮುಗಿದು, ಗುಳಿಗೆ ಒಮ್ಮೆಲೇ ನಿಂತು, ಅವಳು ತಲೆಸುತ್ತಿ ವಾಂತಿ ಮಾಡಿಕೊಂಡು ಬಿದ್ದಳು. ಆಸ್ಪತ್ರೆಯ ವೈದ್ಯರು ನೋಡಿದ ಕೂಡಲೇ ಸ್ಟೀರಾಯ್ಡ್ ಬೆರೆತ ಗುಳಿಗೆಯ ಲಕ್ಷಣ ಎಂದರು. ಬಹುದಿನ ತಿಂದ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ಮೈ ತಾನೇ ತಯಾರಿಸಬೇಕಾದ ಹಾರ್ಮೋನನ್ನು ತಯಾರಿಸಲಾರದೆ ಕುಸಿಯುತ್ತದೆ. ಅವಳು ಬದುಕಿದಳು. ಸಕ್ಕರೆಯ ಮಾತ್ರೆ ಈಗಲೂ ನುಂಗುತ್ತಿದ್ದಾಳೆ.

ಇಲ್ಲಿ ಆದದ್ದು ಕಲಬೆರಕೆಯ ಅಪಾಯ. ಅಪ್ಪಟ ಗಿಡಮೂಲಿಕೆಯೇ ಆಗಿದ್ದರೂ ನಿಶ್ಚಿಂತೆಯಿಂದಿರಲಾಗದು. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ, ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಚೀನೀ ಮೂಲಿಕೆಗಳ ಗುಳಿಗೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಿತು. ಒಂದು ಮೂಲಿಕೆಯ ಬದಲಿಗೆ, ಚೀನೀ ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಬೆರೆತಿತ್ತು. ಆ ಜಾತಿಯ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಇದು ದೂರದ ಸುದ್ದಿ ಎನ್ನಬೇಡಿ. ನಮ್ಮ ಬೇಲಿಗಳಲ್ಲಿ ಹಬ್ಬುವ, ಹಾವಿನ ವಿಷಕ್ಕೆಂದು ಹಿರಿಯರು ಹೇಳುವ ಈಶ್ವರಿ ಬಳ್ಳಿ ಅದೇ ಅರಿಸ್ಟೊಲೋಕಿಯಾ ಕುಲದ್ದು. ಅದರ ಬೇರನ್ನು ತೇದು ಕುಡಿಯುವವರು ಈಗಲೂ ಇದ್ದಾರೆ, ಅವರಿಗೂ ಈ ಮಾತು ಸಲ್ಲುತ್ತದೆ.

ಹಾಗೆಂದು ಚೀನೀ ಮೂಲಿಕೆಗಳೆಲ್ಲ ವಿಷ ಎಂದು ನಾನು ಹೇಳಲಾರೆ. ಮಲೇರಿಯಾಕ್ಕೆ ಇಂದು ಲೋಕವೇ ಬಳಸುವ ಆರ್ಟಿಮಿಸಿನಿನ್ ಚೀನಾದ ಹಳೆಯ ಮದ್ದಿನ ಗಿಡದಿಂದಲೇ ಬಂದದ್ದು; ಅದಕ್ಕಾಗಿ ಚೀನಾದ ವಿಜ್ಞಾನಿ ತು ಯೋಯೋ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅವರು ಆ ಗಿಡದ ಸಾರವನ್ನು ಬೇರ್ಪಡಿಸಿ, ಪ್ರಾಣಿಗಳ ಮೇಲೆ, ತಮ್ಮ ಮೇಲೂ ಪ್ರಯೋಗಿಸಿ, ಪ್ರಮಾಣ ನಿಗದಿಯಾದ ಮೇಲೆ ಅದು ರೋಗಿಯ ಬಾಯಿಗೆ ಬಂತು. ನಾವೂ ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಣ್ಣುವ ಜನ. ಆ ಸೊಪ್ಪನ್ನು ಯಾವ ಬೇಲಿಯಿಂದ ಕೊಯ್ದೆವು, ಯಾರು ಕುದಿಸಿದರು, ಮರುದಿನ ಮೂತ್ರ ಯಾಕೆ ಕೆಂಪಾಯಿತು ಎಂಬುದೆಲ್ಲ ಮನೆಯ ಮಕ್ಕಳಿಗೂ ಗೊತ್ತು. ಹೆಸರಿಲ್ಲದ ಪೊಟ್ಟಣದ ಬಗ್ಗೆ ನಮಗೆ ಇದರಲ್ಲಿ ಒಂದಾದರೂ ಗೊತ್ತಿದೆಯೇ?

ಕಾನೂನೂ ಇಲ್ಲಿ ಸ್ಪಷ್ಟವಾಗಿಯೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್‌ನ ಆದೇಶದಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು. ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಮಾಡಬಹುದು ಎಂದಿತು. 2019ರ ಫೆಬ್ರವರಿಯಲ್ಲಿ ಸ್ವತಂತ್ರ ಪದ್ಧತಿಯೆಂಬ ಮಾನ್ಯತೆಯೂ ಸಿಕ್ಕಿತು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಕಾಯ್ದೆ ಮಾಡಿತು, ಮಹಾರಾಷ್ಟ್ರವೂ ಮಾಡಿದೆ. ಆದರೆ ಈ ಮಾನ್ಯತೆ ಸೂಜಿಯದು. ಆಯುಷ್ ಇಲಾಖೆಯ ಪಟ್ಟಿಯಲ್ಲಿ ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ (ಟಿಬೆಟ್ ವೈದ್ಯ ಪದ್ಧತಿ), ಹೋಮಿಯೋಪತಿ ಇವೆ. ಚೀನೀ ಮೂಲಿಕೆ ಪದ್ಧತಿ ಇಲ್ಲ. ಅಕ್ಯುಪಂಕ್ಚರ್‌ಗೆ ಸಿಕ್ಕ ಮಾನ್ಯತೆಯ ನೆರಳಿನಲ್ಲಿ ನಿಂತು ಗುಳಿಗೆ ಮಾರುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಸೋವಾ ರಿಗ್ಪಾದ ಮಾತು ಬಂದದ್ದರಿಂದ ಒಂದು ಗೊಂದಲ ತಿಳಿಯಾಗಬೇಕು. ಕುಶಾಲನಗರದಿಂದ ಕಾವೇರಿ ದಾಟಿದರೆ ಟಿಬೆಟ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆ. ಅಲ್ಲಿನ ಟಿಬೆಟ್ ವೈದ್ಯ ಪದ್ಧತಿ ಚೀನೀ ಪದ್ಧತಿಯಲ್ಲ. ಅದಕ್ಕೆ ತನ್ನದೇ ಶಾಸ್ತ್ರವಿದೆ, 1916ರಲ್ಲಿ ಲ್ಹಾಸಾದಲ್ಲಿ ಹುಟ್ಟಿ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಕಟ್ಟಿದ ಮೆನ್ ತ್ಸೀ ಖಾಂಗ್ ಎಂಬ ಸಂಸ್ಥೆಯಿದೆ, 2010ರ ಕಾಯ್ದೆ ತಿದ್ದುಪಡಿಯಿಂದ ಬಂದ ಮಾನ್ಯತೆಯಿದೆ. ಪ್ರವಾಸಿಗರಿಗೆ ಒಮ್ಮೆ ‘ಟಿಬೆಟ್ ಮದ್ದು’ ಎಂದೂ ಇನ್ನೊಮ್ಮೆ ‘ಚೀನೀ ಮದ್ದು’ ಎಂದೂ ಹೇಳಿ ರಸ್ತೆ ಬದಿಯಲ್ಲಿ ಗುಳಿಗೆ ಮಾರುವವರಿಗೂ ಈ ಎರಡು ಪದ್ಧತಿಗಳಿಗೂ ಸಂಬಂಧವಿಲ್ಲ.

ಕೊಡಗು ಸೈನಿಕರ ನಾಡು. ಗಡಿಯಲ್ಲಿ ಮಕ್ಕಳನ್ನು ನಿಲ್ಲಿಸಿದ ಮನೆಗಳಲ್ಲಿ ‘ಚೀನೀ’ ಎಂಬ ಪದವೇ ಕಹಿ, ಅದನ್ನು ನಾನು ಗೌರವಿಸುತ್ತೇನೆ. ಅಂಥವರಿಗೆ ಒಂದು ವಿಷಯ ನೆನಪಿಸಲು ಇಷ್ಟಪಡುತ್ತೇನೆ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ನಮ್ಮ ದೇಶದಿಂದ ಐವರು ವೈದ್ಯರು ಹೋದರು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರು ಅಲ್ಲೇ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತಾದಲ್ಲಿ ಅದನ್ನು ಬೆಳೆಸಿದರು. ಸೇವೆಗೆಂದು ಹೋದ ನಮ್ಮವರೇ ನಮ್ಮ ದೇಶಕ್ಕೆ ತಂದ ವಿದ್ಯೆ ಇದು. ಗಡಿಯ ಜಗಳವನ್ನು ಇದರ ತಲೆಗೆ ಕಟ್ಟುವುದು ಸರಿಯಲ್ಲ.

ಚೀನೀ ಮದ್ದಿನ ಹೆಸರಿನಲ್ಲಿ ನಮ್ಮ ಕಾಡಿಗೆ ಆಗುತ್ತಿರುವ ಕೇಡಿನ ಬಗ್ಗೆ ಮಾತ್ರ ನನ್ನ ಸಿಟ್ಟು ಕಡಿಮೆಯಿಲ್ಲ. ಚಿಪ್ಪುಹಂದಿಯ ಚಿಪ್ಪಿಗೆ ಬೆಲೆಯಿದೆ ಎಂದು ಆಸೆ ಹುಟ್ಟಿಸುವ ದಲ್ಲಾಳಿಗಳಿದ್ದಾರೆ. ಚೀನಾವೇ ತನ್ನ 2020ರ ಅಧಿಕೃತ ಔಷಧ ಪಟ್ಟಿಯಿಂದ ಅದನ್ನು ಕೈಬಿಟ್ಟಿದೆ. ನಮ್ಮಲ್ಲಿ ಅದು ಹುಲಿಯಷ್ಟೇ ರಕ್ಷಣೆಯಿರುವ ಪ್ರಾಣಿ. ಸಿಕ್ಕಿಬಿದ್ದರೆ ಜೈಲು ಕಾಣುವುದು ದಲ್ಲಾಳಿಯಲ್ಲ, ಬಲೆ ಒಡ್ಡಿದ ಬಡವ.

ಈಗ ನನ್ನ ಕೋರಿಕೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕಿತ್ಸಾಲಯ ನಡೆಸುವವರು ನೋಂದಣಿ ಮಾಡಿಸಬೇಕು, ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಜಿಲ್ಲಾಧಿಕಾರಿಗಳೂ ಜಿಲ್ಲಾ ಆರೋಗ್ಯಾಧಿಕಾರಿಗಳೂ ಐದೂ ತಾಲ್ಲೂಕುಗಳಲ್ಲಿ ಅಕ್ಯುಪಂಕ್ಚರ್ ಫಲಕವಿರುವ ಪ್ರತಿ ಕೋಣೆಗೂ ಅಧಿಕಾರಿಗಳನ್ನು ಕಳಿಸಲಿ: ಯಾರು ಸೂಜಿ ಹಾಕುತ್ತಾರೆ, ಅವರ ಓದು ಏನು, ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ, ಕಪಾಟಿನಲ್ಲಿ ಯಾವ ಗುಳಿಗೆ ಇದೆ. ಸಭಾಂಗಣ, ವಸತಿಗೃಹಗಳಲ್ಲಿ ಎರಡು ದಿನ ಬೀಡುಬಿಟ್ಟು ಹೋಗುವ ಶಿಬಿರಗಳಿಗೆ ಮುಂಗಡ ಅನುಮತಿ ಕಡ್ಡಾಯವಾಗಲಿ. ಬಾಡಿಗೆಗೆ ಕೊಡುವವರೂ ಆ ಅನುಮತಿ ಪತ್ರ ಕೇಳಲಿ. ಲೇಬಲ್ ಇಲ್ಲದ ಗುಳಿಗೆ ಸಿಕ್ಕರೆ ಔಷಧ ನಿಯಂತ್ರಣ ಇಲಾಖೆ ಪರೀಕ್ಷೆಗೆ ಕಳಿಸಿ ಫಲಿತಾಂಶವನ್ನು ನಿಮ್ಮಂಥ ಪತ್ರಿಕೆಗಳಲ್ಲಿ ಪ್ರಕಟಿಸಲಿ.

ಇದಷ್ಟೇ ಆದರೆ ಅರ್ಧ ಕೆಲಸ. ಮುಚ್ಚಿಸಿದರೆ ಜನ ಮತ್ತೆ ಡೈಕ್ಲೋಫೆನಾಕ್ ಪಟ್ಟಿಗೇ ಮರಳುತ್ತಾರೆ. ಆದ್ದರಿಂದ ಆಯುಷ್ ಇಲಾಖೆಯಲ್ಲಿ ಬಿಎನ್‌ವೈಎಸ್ ಓದಿದ ವೈದ್ಯರನ್ನು ನೇಮಿಸಿ, ಮಡಿಕೇರಿಯಲ್ಲಿ ನಿತ್ಯವೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವೂ ನೋವಿನ ರೋಗಿಗಳಿಗೆ ಅಕ್ಯುಪಂಕ್ಚರ್ ಸಿಗುವಂತೆ ಮಾಡಲಿ. ಆ ದಿನ ಸಂತೆಯ ದಿನವೇ ಆಗಿರಲಿ, ಕೂಲಿಯವರು ಪೇಟೆಗೆ ಬರುವುದು ಅಂದೇ. ಮೂಳೆ ತಜ್ಞರು, ಫಿಸಿಯೋಥೆರಪಿಯವರು, ಸೂಜಿ ಹಾಕುವವರು ಒಂದೇ ಸೂರಿನಡಿ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಸೊಂಟ ಹಿಡಿದದ್ದು ಎಂದು ತಿಳಿದು ಕಾಲ ಕಳೆಯುವುದು ತಪ್ಪುತ್ತದೆ. ಹೀಗೆ ಚಿಕಿತ್ಸೆ ಪಡೆದವರ ಲೆಕ್ಕ ಇಡಲಿ. ನೋವು ಎಷ್ಟು ಇಳಿಯಿತು, ಮಾತ್ರೆ ಎಷ್ಟು ಕಡಿಮೆಯಾಯಿತು ಎಂದು ಒಂದು ವರ್ಷ ಬರೆದಿಡಲಿ. ಪ್ರಯೋಜನವಿಲ್ಲವೆಂದು ಕಂಡರೆ ನಿಲ್ಲಿಸಲಿ, ನಾನು ತಕರಾರು ಮಾಡುವುದಿಲ್ಲ. ತೋಟದ ಮಾಲೀಕರೂ ಚಿಕಿತ್ಸೆಗೆ ಹೋದ ಅರ್ಧ ದಿನದ ಕೂಲಿಯನ್ನು ಕಡಿಯದಿರಲಿ. ನಾನು ನನ್ನ ತೋಟದಲ್ಲಿ ಕಡಿಯುವುದಿಲ್ಲ.

ರೋಬಸ್ಟಾ ಕೊಯ್ಲು ಶುರುವಾಗುವುದರೊಳಗೆ ತಪಾಸಣೆ ಮುಗಿಸಿ, ನೋಂದಣಿ ಇರುವ ಚಿಕಿತ್ಸಾಲಯಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ,
ಸುಂಟಿಕೊಪ್ಪ ಸಮೀಪ, ಕೊಡಗು